ಒಂದು ಬೆಟ್ಟದ ನುಡಿ, ಹಲವು ಬೆಟ್ಟಗಳ ಸಭೆ: ನ್ಯೂಗಿನಿಯ ಕಾತೆ ಭಾಷೆಯ ಚರಿತ್ರೆ

ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯವನ್ನು ಬೋಧಿಸುವಾಗಲೆಲ್ಲ ನಾವು ಒಂದು ಅಂಶವನ್ನು ಒತ್ತಿ ಹೇಳುತ್ತ ಬಂದಿದ್ದೇವೆ. ಪವಿತ್ರಾತ್ಮರು ಇಳಿದುಬಂದ ದಿನ ಜೆರುಸಲೇಮಿನಲ್ಲಿ ನೆರೆದಿದ್ದವರು ಹೊಸದೊಂದು ಭಾಷೆಯನ್ನು ಕಲಿಯಬೇಕಾಗಿ ಬರಲಿಲ್ಲ; ಒಂದೇ ಸಂದೇಶವನ್ನು ತಂತಮ್ಮ ಮನೆಮಾತಿನಲ್ಲಿ ಕೇಳಿಸಿಕೊಂಡರು. ಕೆಲವು ವರ್ಷಗಳ ಹಿಂದೆ ಈ ಪಾಠ ಮುಗಿದಾಗ ತುಳು ಮನೆಮಾತಿನ ಗುರುವಿದ್ಯಾರ್ಥಿಯೊಬ್ಬ ಎದ್ದು, "ಫಾದರ್, ಹಾಗಾದರೆ ನಮ್ಮಜ್ಜಿ ಪಾಪನಿವೇದನೆಯನ್ನು ಕಲಿತ ಭಾಷೆಯಲ್ಲಿ ಯಾಕೆ ಮಾಡಬೇಕು?" ಎಂದು ಕೇಳಿದ. ಧರ್ಮಸಭೆಯ ಐಕ್ಯ, ಗುರುಗಳ ಕೊರತೆ, ಮುದ್ರಿತ ಪೂಜಾಗ್ರಂಥಗಳ ಅಗತ್ಯ ಇವನ್ನೆಲ್ಲ ನಾವು ವಿವರಿಸಿದೆವು. ಆತ ಕುಳಿತುಕೊಂಡ. ಸಮಾಧಾನಗೊಂಡನೆಂದು ಹೇಳಲಾರೆವು, ನಮಗೂ ಸಮಾಧಾನವಾಗಿರಲಿಲ್ಲ.

ಆ ಪ್ರಶ್ನೆಯ ಜಾಡು ಹಿಡಿದು ಓದುತ್ತ ಹೋದಾಗ ನಮಗೆ ಎದುರಾದದ್ದು ಪೆಸಿಫಿಕ್ ಸಾಗರದ ಅಂಚಿನ ಒಂದು ಬೆಟ್ಟಸಾಲಿನ ಕಥೆ. ಅಲ್ಲಿ ಕೆಲವೇ ಸಾವಿರ ಜನರ ಒಂದು ನುಡಿಯನ್ನು ಧರ್ಮಪ್ರಚಾರಕರು ಆಯ್ದು ಸುತ್ತಲಿನ ಹತ್ತಾರು ಜನಾಂಗಗಳಿಗೆ ಸಭೆಯ ಭಾಷೆಯಾಗಿ ಮಾಡಿದರು. ಅದರಿಂದ ದೊರೆತದ್ದೂ ಬಹಳ, ಕಳೆದುಹೋದದ್ದೂ ಬಹಳ. ಅದು ಲೂಥರನ್ ಸಹೋದರರ ಚರಿತ್ರೆಯಾದರೂ ಅದರಲ್ಲಿ ನಮ್ಮ ಪಾಲಿನ ಪಾಠವಿದೆಯೆಂದು ತೋರಿದ್ದರಿಂದ ಇಲ್ಲಿ ನಿರೂಪಿಸುತ್ತಿದ್ದೇವೆ.

ಪಾಪುವನ್ ಎಂಬ ಹೆಸರು

ನ್ಯೂಗಿನಿ ಜಗತ್ತಿನ ಎರಡನೆಯ ಅತಿ ದೊಡ್ಡ ದ್ವೀಪ. ಅದರ ಪೂರ್ವಾರ್ಧವನ್ನೂ ನೆರೆಯ ದ್ವೀಪಗಳನ್ನೂ ಒಳಗೊಂಡ ಪಾಪುವಾ ನ್ಯೂಗಿನಿ ದೇಶವೊಂದರಲ್ಲಿಯೇ 800ಕ್ಕೂ ಹೆಚ್ಚು ಭಾಷೆಗಳಿವೆ. ಕರಾವಳಿಯ ಅನೇಕ ಭಾಷೆಗಳು ಮಲಯ, ಫಿಜಿ, ಮಡಗಾಸ್ಕರಿನ ಭಾಷೆಗಳ ದಾಯಾದಿಗಳು. ಇವುಗಳ ಕುಟುಂಬಕ್ಕೆ ಆಸ್ಟ್ರೋನೇಷ್ಯನ್ ಎಂದು ಹೆಸರು. ಒಳನಾಡಿನ ಬೆಟ್ಟಗಳ ಭಾಷೆಗಳು ಬಹುಮಟ್ಟಿಗೆ ಈ ಕುಟುಂಬಕ್ಕೆ ಸೇರಿದವಲ್ಲ. ಇಂಗ್ಲೆಂಡಿನ ಸಿಡ್ನಿ ರೇ 1892ರಲ್ಲಿ ಈ ವ್ಯತ್ಯಾಸವನ್ನು ಗುರುತಿಸಿ ಅವನ್ನು ಪಾಪುವನ್ ಎಂದು ಕರೆದರು. ಇಲ್ಲೊಂದು ಎಚ್ಚರಿಕೆ ಬೇಕು. ಪಾಪುವನ್ ಎಂಬುದು ದ್ರಾವಿಡ ಎಂಬಂತೆ ರಕ್ತಸಂಬಂಧ ಸೂಚಿಸುವ ಹೆಸರಲ್ಲ. ಉಳಿದವುಗಳು ಎಂದಷ್ಟೇ ಅದರ ಅರ್ಥ. ಆ ಉಳಿದವುಗಳ ಒಳಗೆ ಹತ್ತಾರು ಕುಟುಂಬಗಳಿವೆ.

ಈ ವಿಂಗಡಣೆಯ ಚರಿತ್ರೆಯಲ್ಲಿ ನಮ್ಮ ಸಭೆಯ ಗುರುವೊಬ್ಬರ ಹೆಸರು ಬರುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯುವುದು ಒಳ್ಳೆಯದು. ಎಸ್.ವಿ.ಡಿ. ಸಂಸ್ಥೆಯ ವಿಲ್ಹೆಲ್ಮ್ ಶ್ಮಿಟ್, 1906ರಲ್ಲಿ 'ಆಂತ್ರೋಪೋಸ್' ಪತ್ರಿಕೆಯನ್ನು ಸ್ಥಾಪಿಸಿದವರು, ಜರ್ಮನ್ ನ್ಯೂಗಿನಿಯ ಭಾಷೆಗಳ ಬಗ್ಗೆ ಕಳೆದ ಶತಮಾನದ ಆರಂಭದಲ್ಲಿಯೇ ಬರೆದರು. ಆಸ್ಟ್ರೋನೇಷ್ಯನ್ ಎಂಬ ಹೆಸರನ್ನು ಚಾಲ್ತಿಗೆ ತಂದವರೂ ಅವರೇ. ಛೋಟಾನಾಗಪುರದ ಮುಂಡಾ ಭಾಷೆಗಳನ್ನೂ ಮೇಘಾಲಯದ ಖಾಸಿಯನ್ನೂ ಆಗ್ನೇಯ ಏಷ್ಯದ ಭಾಷೆಗಳೊಡನೆ ಸೇರಿಸಿ ಆಸ್ಟ್ರೋಏಷ್ಯಾಟಿಕ್ ಎಂಬ ಕುಟುಂಬವನ್ನು ನಿರೂಪಿಸಿದವರೂ ಅವರೇ. ಜಾರ್ಖಂಡಿನಿಂದ ಬಂದ ಸಹಪಾಠಿಗಳ ಪಕ್ಕದಲ್ಲಿ ಕುಳಿತು ಓದುವ ನಮ್ಮ ಹುಡುಗರಿಗೆ ಇದು ದೂರದ ಮಾತಲ್ಲ.

ಪಾಪುವಾ ನ್ಯೂಗಿನಿಯ ಈಶಾನ್ಯ ಕರಾವಳಿಯಲ್ಲಿ ಹ್ಯೂವನ್ ಎಂಬ ಪರ್ಯಾಯದ್ವೀಪ ಸಮುದ್ರಕ್ಕೆ ಚಾಚಿಕೊಂಡಿದೆ. ಅಲ್ಲಿ 4,000 ಮೀಟರನ್ನೂ ಮೀರುವ ಸಾರುವಾಗೆಡ್ ಶ್ರೇಣಿಯಿದೆ. ವಾಯವ್ಯದಲ್ಲಿ ಫಿನಿಸ್ಟೆರ್ ಶ್ರೇಣಿ. ಈ ಕಣಿವೆಗಳಲ್ಲಿ ಹಬ್ಬಿರುವ ಸುಮಾರು 60 ಭಾಷೆಗಳು ಒಂದೇ ಕುಟುಂಬದವು. ಫಿನಿಸ್ಟೆರ್-ಹ್ಯೂವನ್ ಎಂದು ವಿದ್ವಾಂಸರು ಕರೆಯುವ ಈ ಕುಟುಂಬದ ಸಂಬಂಧಗಳನ್ನು ಕೆನೆತ್ ಮೆಕೆಲ್‌ಹಾನನ್ ಮತ್ತು ಅವರ ಜೊತೆಗಾರರು 1960 ಮತ್ತು 70ರ ದಶಕಗಳಲ್ಲಿ ಸ್ಪಷ್ಟಪಡಿಸಿದರು. ಇದನ್ನು ಟ್ರಾನ್ಸ್-ನ್ಯೂಗಿನಿ ಎಂಬ ಇನ್ನೂ ದೊಡ್ಡ ಕುಟುಂಬದ ಕೊಂಬೆಯೆಂದು ಎಣಿಸುತ್ತಾರೆ. ಇಷ್ಟು ಸಾಲದೆ? ನಮ್ಮ ಕಥೆ ಈ 60ರಲ್ಲಿ ಒಂದಾದ ಕಾತೆಯದು. ಕನ್ನಡದಲ್ಲಿ ಕಾತೆ ಎಂದು ಬರೆದಿದ್ದೇವೆ. ಮೊದಲ ಸ್ವರವು ವಾಸ್ತವವಾಗಿ ನಮ್ಮ ಆಕಾರಕ್ಕೂ ಓಕಾರಕ್ಕೂ ನಡುವಿನದು. ಅದನ್ನು ಮಾತೃಭಾಷೆಯಾಗಿ ಆಡುವವರು ಸುಮಾರು 6,000 ಮಂದಿ. ಕರಾವಳಿಯವರು ಈ ಬೆಟ್ಟದವರನ್ನು ಕಾಯ್ ಎಂದು ಕರೆಯುತ್ತಿದ್ದರು. ಮೊದಲ ಜರ್ಮನ್ ಬರಹಗಳಲ್ಲಿ ಅದೇ ಹೆಸರಿದೆ.

ಹದಿಮೂರು ವರ್ಷಗಳ ಮೌನ

1884ರಲ್ಲಿ ಜರ್ಮನಿ ಈ ಭಾಗವನ್ನು ತನ್ನ ವಸಾಹತಾಗಿ ಘೋಷಿಸಿತು. ಬವೇರಿಯದ ನೊಯೆನ್‌ಡೆಟೆಲ್ಸೌ ಮಿಷನ್ನಿನಲ್ಲಿ ತರಬೇತಿ ಪಡೆದು, ದಕ್ಷಿಣ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಡಿಯೆರಿ ಜನರ ನಡುವೆ ದುಡಿಯುತ್ತಿದ್ದ ಯೋಹಾನ್ ಫ್ಲಿಯೆರ್ಲ್ 1886ರಲ್ಲಿ ಫಿನ್ಷ್‌ಹಾಫೆನ್ ತೀರಕ್ಕೆ ಬಂದಿಳಿದು, ಅದೇ ವರ್ಷ ಸಿಂಬಾಂಗ್ ಎಂಬ ಹಳ್ಳಿಯ ಬಳಿ ನೆಲೆ ಹಾಕಿದರು. ಸುತ್ತಲಿನವರು ಯಾಬೆಮ್ ಭಾಷೆಯವರು, ಎಂದರೆ ಆಸ್ಟ್ರೋನೇಷ್ಯನ್ ಕುಟುಂಬದವರು. ಮಲೇರಿಯ ಅಲ್ಲಿನ ಗಾಳಿಯಲ್ಲೇ ಇತ್ತೆನ್ನಬೇಕು. 1891ರಲ್ಲಿ ಜ್ವರದ ಹಾವಳಿಗೆ ಹೆದರಿ ಜರ್ಮನ್ ಕಂಪನಿಯವರೇ ಫಿನ್ಷ್‌ಹಾಫೆನನ್ನು ಬಿಟ್ಟು ಹೋದರು. ಫ್ಲಿಯೆರ್ಲ್ ಹೋಗಲಿಲ್ಲ. ಮರುವರ್ಷ ಅವರು ತಂಪಾದ ಗಾಳಿಗಾಗಿ ಹಿಂದಿನ ಬೆಟ್ಟವನ್ನೇರಿ ಸಾಟೆಲ್‌ಬೆರ್ಗ್ ಎಂಬಲ್ಲಿ ಇನ್ನೊಂದು ನೆಲೆ ಕಟ್ಟಿದರು. ಆ ಹೆಸರಿಗೆ ಜೀನುಬೆಟ್ಟ ಎಂದರ್ಥ. ಸುತ್ತ ಇದ್ದವರು ಕಾತೆ ಜನ. ಧರ್ಮಪ್ರಚಾರದ ಯೋಜನೆ ಒಂದೆಡೆ ಇರಲಿ, ಕಾತೆ ಭಾಷೆಗೆ ದೊರೆತ ಭಾಗ್ಯದ ಮೊದಲ ಕಾರಣ ಸೊಳ್ಳೆ ಎಂದರೆ ತಪ್ಪಾಗದು.

ಮೊದಲ ದೀಕ್ಷಾಸ್ನಾನ ನಡೆದದ್ದು 1899ರಲ್ಲಿ, ಬಂದ ಹದಿಮೂರು ವರ್ಷಗಳ ಮೇಲೆ. ಎರಡು ವರ್ಷದ ಪಾಲನಾಸೇವೆಯ ಬಳಿಕ ಫಲ ಕಾಣಲಿಲ್ಲವೆಂದು ವರ್ಗಾವಣೆ ಕೇಳುವ ನಮಗೆ ಈ ಅಂಕಿ ಸ್ವಲ್ಪ ನಾಚಿಕೆ ತರಬೇಕು.

ಅದೇ ವರ್ಷ ಇಪ್ಪತ್ತೆರಡರ ಪ್ರಾಯದ ಕ್ರಿಸ್ಟಿಯಾನ್ ಕೈಸರ್ ಬಂದರು. ಕಾತೆ ಭಾಷೆಯನ್ನು ಅದರ ಹಾಡು, ಗಾದೆ, ಬೈಗುಳಗಳ ಸಮೇತ ಕಲಿತವರು ಅವರು. ಭಾಷೆ ಕಲಿಯುತ್ತಲೇ ಅವರಿಗೆ ಒಂದು ಸತ್ಯ ಹೊಳೆಯಿತು. ಕಾತೆಯವರಲ್ಲಿ ಮುಖ್ಯವಾದ ಯಾವ ತೀರ್ಮಾನವನ್ನೂ ಒಬ್ಬೊಬ್ಬನೇ ಮಾಡುವುದಿಲ್ಲ. ಊರು ಸೇರಿ ಮಾತನಾಡಿ ಮಾಡುತ್ತದೆ. ಸಾವೆಲ್ಲವೂ ಮಾಟದಿಂದಲೇ ಬರುತ್ತದೆಂದು ನಂಬಿ, ಪ್ರತಿ ಸಾವಿಗೂ ನೆರೆಯೂರಿನಲ್ಲಿ ಸೇಡು ಹುಡುಕುತ್ತಿದ್ದ ಸಮಾಜದಲ್ಲಿ ಒಬ್ಬನೇ ಮಾಟವನ್ನು ಬಿಟ್ಟೆನೆಂದರೆ ಅವನಿಗೆ ರಕ್ಷಣೆಯೆಲ್ಲಿ? ಆದ್ದರಿಂದ ಕೈಸರ್ ಬಿಡಿಬಿಡಿಯಾಗಿ ದೀಕ್ಷಾಸ್ನಾನ ಕೊಡಲು ಹಿಂಜರಿದರು. ಊರಿಗೆ ಊರೇ ಸೇರಿ ಮಾಟದ ಸಾಮಗ್ರಿಯನ್ನು ತಂದಿಟ್ಟು, ಸೇಡನ್ನು ಬಿಟ್ಟೆವೆಂದು ಬಹಿರಂಗವಾಗಿ ನುಡಿಯುವವರೆಗೆ ಕಾದರು. ಈ ಅನುಭವವನ್ನು ಅವರು 1929ರಲ್ಲಿ 'ಒಂದು ಪಾಪುವನ್ ಸಭೆ' ಎಂಬರ್ಥದ ಹೆಸರಿನ ಜರ್ಮನ್ ಗ್ರಂಥದಲ್ಲಿ ಬರೆದರು. ಮುತ್ತುಕರಾವಳಿಯ ಪರವರು 1530ರ ದಶಕದಲ್ಲಿ ಜಾತಿಗೆ ಜಾತಿಯೇ ದೀಕ್ಷಾಸ್ನಾನ ಪಡೆದದ್ದನ್ನೂ, ಕೆಲವು ವರ್ಷಗಳ ಬಳಿಕ ಬಂದ ಸಂತ ಫ್ರಾನ್ಸಿಸ್ ಜೇವಿಯರ್ ಅವರಿಗೆ ಪ್ರಾರ್ಥನೆಗಳನ್ನು ಕಲಿಸಲು ತಮಿಳಿನೊಡನೆ ಹೆಣಗಿದ್ದನ್ನೂ ಬಲ್ಲ ನಮಗೆ ಇದು ಹೊಸ ಪ್ರಶ್ನೆಯಲ್ಲ. ವ್ಯಕ್ತಿಯ ವಿಶ್ವಾಸವೋ ಸಮುದಾಯದ ಒಪ್ಪಿಗೆಯೋ ಎಂಬ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ಆದರೆ ಕೈಸರರ ಕ್ರಮದಲ್ಲಿ ಊರಿನ ಕೂಟವೇ ಸಭೆಯಾಯಿತು. ಕೂಟದ ಭಾಷೆಯೂ ಅದರೊಡನೆ ಸಭೆಯ ಭಾಷೆಯಾಯಿತು.

ಹಾಡುಗಳ ವಿಷಯದಲ್ಲೂ ಅವರು ಹೀಗೆಯೇ ನಡೆದರು. ಜರ್ಮನ್ ರಾಗಗಳಿಗೆ ಕಾತೆ ಪದಗಳನ್ನು ತುರುಕುವ ಬದಲು ಜನರ ಹಳೆಯ ಧಾಟಿಗಳಲ್ಲಿ ಹೊಸ ಸ್ತುತಿಗೀತೆಗಳು ಹುಟ್ಟಲೆಂದು ಪ್ರೋತ್ಸಾಹಿಸಿದರು. ದೇವರಿಗೆ ಅನುತು ಎಂಬ ಸ್ಥಳೀಯ ಹೆಸರನ್ನೇ ಮಿಷನ್ ಸ್ವೀಕರಿಸಿತು. ನಮ್ಮಲ್ಲಿ ಸರ್ವೇಶ್ವರ ಎಂಬ ಪದ ಬೈಬಲಿನೊಳಗೆ ಬಂದ ಬಗೆಯನ್ನು ಬಲ್ಲವರಿಗೆ ಅಂಥ ಆಯ್ಕೆಯ ಧೈರ್ಯವೂ ಅಪಾಯವೂ ತಿಳಿದೇ ಇವೆ. ಶುಭಸಂದೇಶಕ್ಕೂ ಕ್ರೈಸ್ತ ಜೀವನಕ್ಕೂ ಸೇರಿ ಆ ಬೆಟ್ಟಗಳಲ್ಲಿ ನಿಂತ ಪದ 'ಮಿತಿ'. ಮೊದಲ ಬಾರಿ ಓದಿದಾಗ ಕನ್ನಡ ಕಿವಿಗೆ ವಿಚಿತ್ರವೆನಿಸಿತು: ಎಲ್ಲ ಎಲ್ಲೆಗಳನ್ನೂ ದಾಟಿಹೋಗಬೇಕಾದ ಸಂದೇಶಕ್ಕೆ ಮಿತಿ ಎಂದು ಹೆಸರು!

ವಾಕ್ಯವನ್ನು ಹೊಲಿಯುವ ಬಗೆ

ಕೈಸರರ ಕಾತೆ ನಿಘಂಟು 1925ರಲ್ಲಿಯೂ ಗೇಯೊರ್ಗ್ ಪಿಲ್‌ಹೋಫರರ ಕಾತೆ ವ್ಯಾಕರಣ 1933ರಲ್ಲಿಯೂ ಬರ್ಲಿನ್ನಿನಲ್ಲಿ ಅಚ್ಚಾದವು. ಎರಡನೆಯದು ಪಾಪುವನ್ ಭಾಷೆಗಳ ಅಧ್ಯಯನದಲ್ಲಿ ಇಂದಿಗೂ ಗೌರವದ ಸ್ಥಾನದಲ್ಲಿದೆ. ಅದರ ತಿರುಳನ್ನು ಕನ್ನಡಿಗರು ಬೇರೆಯವರಿಗಿಂತ ಸುಲಭವಾಗಿ ಗ್ರಹಿಸಬಲ್ಲರು.

ಕಾತೆಯಲ್ಲಿ ಕಥೆ ಹೇಳುವವನು ವಾಕ್ಯವನ್ನು ಬೇಗ ಮುಗಿಸುವುದಿಲ್ಲ. ಒಂದರ ಹಿಂದೆ ಒಂದಾಗಿ ಅಪೂರ್ಣ ಕ್ರಿಯಾಪದಗಳನ್ನು ಪೋಣಿಸುತ್ತ ಹೋಗಿ ಕಡೆಯಲ್ಲಿ ಒಂದೇ ಪೂರ್ಣಕ್ರಿಯಾಪದವನ್ನು ಇಡುತ್ತಾನೆ. ನಾವು "ಎದ್ದು, ಮುಖ ತೊಳೆದು, ಗುಡಿಗೆ ಹೋಗಿ, ಮೊಣಕಾಲೂರಿ ಪ್ರಾರ್ಥಿಸಿದನು" ಎನ್ನುತ್ತೇವಲ್ಲ, ಹಾಗೆ. ಒಂದು ಕೆಲಸ ಮುಗಿದ ಮೇಲೆ ಇನ್ನೊಂದಾದರೆ ಅದಕ್ಕೊಂದು ಪ್ರತ್ಯಯ. ಎರಡೂ ಜೊತೆಜೊತೆಯಾಗಿ ನಡೆದರೆ, ಎಂದರೆ "ಹಾಡುತ್ತ ನಡೆದನು" ಎಂಬಂತಾದರೆ, ಬೇರೊಂದು. ಈ ರೂಪಗಳಲ್ಲಿ ಕರ್ತೃ ಯಾರೆಂಬ ಗುರುತಿರುವುದಿಲ್ಲ, ನಮ್ಮ 'ಎದ್ದು' 'ಹೋಗಿ'ಗಳಲ್ಲಿ ಇಲ್ಲದಂತೆಯೇ. ಆದರೆ ಮುಂದಿನ ಕೆಲಸವನ್ನು ಬೇರೊಬ್ಬನು ಮಾಡುವುದಾದರೆ, ಕೇಳುಗನಿಗೆ ಮುನ್ಸೂಚನೆ ಕೊಡುವ ಇನ್ನೊಂದು ರೂಪವನ್ನೇ ಬಳಸಬೇಕು. ಆಗ ಕರ್ತೃವಿನ ಗುರುತು ಕ್ರಿಯಾಪದಕ್ಕೆ ಸೇರುತ್ತದೆ. ಹಳಗನ್ನಡದ ಸತಿಸಪ್ತಮಿಯನ್ನು ಓದಿದವರಿಗೆ, "ಗುರುವು ಬರಲು ಶಿಷ್ಯರು ಎದ್ದರು" ಎಂಬ ವಾಕ್ಯದ ರಚನೆಯನ್ನು ಬಲ್ಲವರಿಗೆ, ಇದು ಅರ್ಥವಾಗದ ಸಂಗತಿಯಲ್ಲ. ಒಂದು ವ್ಯತ್ಯಾಸವಿದೆ. ನಾವು "ಮಳೆ ಬಂದು ಕೆರೆ ತುಂಬಿತು" ಎಂದು ನಿಯಮವನ್ನು ಸಡಿಲಿಸುತ್ತೇವೆ. ಕಾತೆಯಲ್ಲಿ ಈ ನಿಯಮ ನಮ್ಮದಕ್ಕಿಂತ ಬಿಗಿ.

ಬೈಬಲ್ ಅನುವಾದಕನಿಗೆ ಇದರ ಪರಿಣಾಮವೇನು? ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಸುಂಕದ ಕಟ್ಟೆಯಲ್ಲಿದ್ದ ಲೇವಿ ಎದ್ದು ಯೇಸುವನ್ನು ಹಿಂಬಾಲಿಸುತ್ತಾನೆ. ಮರುಕ್ಷಣ ಗ್ರೀಕ್ ಮೂಲವು ಅವರು ಅವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದುದನ್ನು ಹೇಳುತ್ತದೆ. ಯಾರು ಕುಳಿತದ್ದು? ಯಾರ ಮನೆ? ಗ್ರೀಕಿನಲ್ಲಿ ಸರ್ವನಾಮ ಮಾತ್ರವಿದೆ. ಲೂಕನು ಅದು ಲೇವಿಯ ಮನೆಯೆಂದು ಬಿಡಿಸಿ ಹೇಳಿದ್ದರೂ ಮಾರ್ಕನ ವಾಕ್ಯದ ಬಗ್ಗೆ ವ್ಯಾಖ್ಯಾನಕಾರರ ಚರ್ಚೆ ನಿಂತಿಲ್ಲ. ಇಂಗ್ಲಿಷ್ ಅನುವಾದಕನು ಆ ಸಂದಿಗ್ಧವನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಇಂಥ ಬೆಟ್ಟದ ಭಾಷೆಗಳಲ್ಲಿ ಸರಪಣಿ ಮುಂದುವರಿಸುವವನು 'ಹಿಂಬಾಲಿಸಿ' ಎನ್ನುವಾಗಲೇ ಮುಂದಿನ ಕರ್ತೃ ಯಾರೆಂದು ತೀರ್ಮಾನಿಸಿರಬೇಕು. ಭಾಷೆಯೇ ವ್ಯಾಖ್ಯಾನವನ್ನು ಬೇಡುತ್ತದೆ. ಶಾಸ್ತ್ರವ್ಯಾಖ್ಯಾನದ ತರಗತಿಯಲ್ಲಿ ನಾವು ಈ ಉದಾಹರಣೆಯನ್ನು ಕೊಡುವುದುಂಟು.

ಕಾತೆಯಲ್ಲಿ ಎಣಿಕೆ ಕೈಬೆರಳುಗಳಿಂದ ಆರಂಭವಾಗಿ ಕಾಲ್ಬೆರಳುಗಳಿಗೆ ಇಳಿಯುತ್ತದೆ. ಐದು ಎಂದರೆ ಒಂದು ಕೈ, ಇಪ್ಪತ್ತು ಎಂದರೆ ಒಬ್ಬ ಮನುಷ್ಯ. ಮನುಷ್ಯ ಎಂಬ ಆ ಪದವು ಙಕಾರದಿಂದ ಆರಂಭವಾಗುತ್ತದೆ. ನಮ್ಮ ಮಕ್ಕಳು ವರ್ಣಮಾಲೆಯಲ್ಲಿ ಕಲಿತು ಮರೆತುಬಿಡುವ ಅಕ್ಷರ ಅದು. ಕ-ಪ ಎರಡನ್ನೂ, ಗ-ಬ ಎರಡನ್ನೂ ಒಂದೇ ಉಸಿರಿನಲ್ಲಿ ನುಡಿಯುವ ಧ್ವನಿಗಳು ಕಾತೆಯಲ್ಲಿವೆ. ಅವುಗಳಲ್ಲಿ ಒಂದಕ್ಕಾಗಿ ಮಿಷನರಿಗಳು ರೋಮನ್ ಲಿಪಿಯ ಕ್ಯೂ ಅಕ್ಷರದ ಬಾಲವನ್ನು ಕೊಕ್ಕೆಯಂತೆ ಬಾಗಿಸಿ ಹೊಸ ಅಕ್ಷರವನ್ನೇ ರೂಪಿಸಿದರು.

ಈ ವ್ಯಾಕರಣ ವಿಚಾರವನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಹತ್ತಾರು ಭಾಷೆಗಳ ನಡುವೆ ಕೆಲಸ ಮಾಡಬೇಕಾಗಿದ್ದ ಮಿಷನ್, ಎಲ್ಲದರಲ್ಲೂ ಪುಸ್ತಕ ಅಚ್ಚುಹಾಕಲಾರದೆ, ಕರಾವಳಿಯ ಆಸ್ಟ್ರೋನೇಷ್ಯನ್ ಜನರಿಗೆ ಯಾಬೆಮ್, ಬೆಟ್ಟದ ಪಾಪುವನ್ ಜನರಿಗೆ ಕಾತೆ ಎಂದು ಎರಡು ಸಭಾಭಾಷೆಗಳನ್ನು ಗೊತ್ತುಮಾಡಿಕೊಂಡಿತು. ಪದಗಳು ಬೇರೆಯಾದರೂ ವಾಕ್ಯ ಹೊಲಿಯುವ ಬಗೆ ಒಂದೇ ಆಗಿದ್ದರಿಂದ ಬೆಟ್ಟದವನು ಕಾತೆಯನ್ನು ಬೇಗ ಕಲಿಯುತ್ತಿದ್ದ. ತಮಿಳನಿಗೆ ಕನ್ನಡ ಸುಲಭವಾಗುವಂತೆ ಎನ್ನಬಹುದು. ಭಾಷಾವಿಜ್ಞಾನಿಗಳು ಕುಟುಂಬದ ಗಡಿಗಳನ್ನು ಗೆರೆ ಹಾಕಿ ತೋರಿಸುವುದಕ್ಕೆ ಬಹಳ ಮೊದಲೇ ಶಾಲೆಯ ಬೆಂಚುಗಳಲ್ಲಿ ಆ ಗಡಿ ಕಂಡಿತ್ತು.

ಉಪದೇಶಿಗಳ ಕಾಲ

ಇನ್ನು ಸಂತೋಷದ ಭಾಗಕ್ಕೆ ಬರೋಣ. ಸಾಟೆಲ್‌ಬೆರ್ಗಿನ ಸಭೆ ಇನ್ನೂ ಎಳೆಯದಾಗಿದ್ದಾಗಲೇ ಒಳನಾಡಿನ ಹುಬೆ ಜನರ ಬಳಿಗೆ ತನ್ನವರನ್ನು ಕಳುಹಿಸತೊಡಗಿತು. ಕಳುಹಿಸಿದ್ದು ಮಿಷನ್ ಅಲ್ಲ, ಸಭೆ. ಊರಿನವರೇ ಯಾರು ಹೋಗಬೇಕೆಂದು ಗೊತ್ತುಮಾಡಿದರು. ಅವರನ್ನು ಪೋಷಿಸುವ ಹೊಣೆಯನ್ನೂ ಹೊತ್ತರು. ನಿನ್ನೆಯವರೆಗೆ ಶತ್ರುಗಳಾಗಿದ್ದವರ ಊರಿಗೆ ಹೆಂಡತಿಮಕ್ಕಳೊಡನೆ ಆಯುಧವಿಲ್ಲದೆ ಹೋಗಿ, ಗುಡಿಸಲು ಕಟ್ಟಿ, ತೋಟ ಮಾಡಿ ನೆಲೆಸುವುದೇ ಅವರ ಮೊದಲ ಬೋಧನೆಯಾಗಿತ್ತು. 1914ರಲ್ಲಿ ಆಸ್ಟ್ರೇಲಿಯದ ಸೇನೆ ಜರ್ಮನ್ ನ್ಯೂಗಿನಿಯನ್ನು ವಶಪಡಿಸಿಕೊಂಡಿತು. ಜರ್ಮನ್ನರ ಕೈ ಕಟ್ಟಿಹೋದಂತಾದರೂ ಈ ಉಪದೇಶಿಗಳ ನಡಿಗೆ ನಿಲ್ಲಲಿಲ್ಲ. 1920 ಮತ್ತು 30ರ ದಶಕಗಳಲ್ಲಿ ಅವರು ಹೊರಜಗತ್ತು ಅದುವರೆಗೆ ಅರಿಯದಿದ್ದ ಮಧ್ಯದ ಎತ್ತರದ ನಾಡಿಗೆ ಹತ್ತಿದರು. 1934ರಲ್ಲಿ ಹಾಗೆನ್ ಪರ್ವತದ ಬಳಿ ಒಗೆಲ್‌ಬೆಂಗ್ ನೆಲೆ ಸ್ಥಾಪಿತವಾದಾಗಲೂ ಅವರಿದ್ದರು. ಅಲ್ಲಿ ದುಡಿದ ಗೇಯೊರ್ಗ್ ಫಿಸೆಡೋಮ್ ಮುಂದೆ 1958ರಲ್ಲಿ 'ಮಿಸ್ಸಿಯೋ ದೇಯಿ' ಗ್ರಂಥವನ್ನು ಬರೆದರು. ಪರೀಕ್ಷೆಗೆಂದು ಆ ಪದವನ್ನು ಕಂಠಪಾಠ ಮಾಡುವ ನಮ್ಮ ವಿದ್ಯಾರ್ಥಿಗಳು, ಅದನ್ನು ಬರೆದವರು ತಮಗಿಂತ ಮೊದಲೇ ಬರಿಗಾಲಿನಲ್ಲಿ ನಡೆದ ಕಾತೆ ಮತ್ತು ಯಾಬೆಮ್ ಉಪದೇಶಿಗಳನ್ನು ಕಣ್ಣಾರೆ ಕಂಡವರೆಂಬುದನ್ನು ಮರೆಯಬಾರದು.

ಕಾತೆಯು ತನ್ನ ಉಚ್ಛ್ರಾಯದಲ್ಲಿ ಸುಮಾರು 80,000 ಮಂದಿಗೆ ಎರಡನೆಯ ಭಾಷೆಯಾಗಿತ್ತೆಂಬ ಅಂದಾಜಿದೆ. 6,000 ಜನರ ನುಡಿಗೆ 80,000 ಕಲಿತವರು! ಶಾಲೆ, ಪತ್ರ, ಹಾಡು, ಸಭೆಯ ಲೆಕ್ಕ, ಮದುವೆಯ ಮಾತುಕತೆ ಎಲ್ಲವೂ ಅದರಲ್ಲಿ. 1943ರ ನವೆಂಬರ್ 25ರಂದು ಆಸ್ಟ್ರೇಲಿಯದ ಪಡೆ ಜಪಾನೀಯರಿಂದ ಸಾಟೆಲ್‌ಬೆರ್ಗನ್ನು ಗೆದ್ದಾಗ ಆ ಮಿಷನ್ ನೆಲೆ ಹಾಳುಬಿದ್ದಿತ್ತು. ವಿದೇಶಿ ಮಿಷನರಿಗಳು ಬಂಧನದಲ್ಲೋ ದೂರದಲ್ಲೋ ಇದ್ದರು. ಸಭೆಯನ್ನು ನಡೆಸಿದವರು ಸ್ಥಳೀಯ ಹಿರಿಯರು. ಆ ಬೆಟ್ಟದವರೇ ಆದ ಜುರೆವೆ ಜುರೆನುಓ 1973ರಲ್ಲಿ ಅಲ್ಲಿನ ಲೂಥರನ್ ಸಭೆಯ ಮೊದಲ ಸ್ಥಳೀಯ ಧರ್ಮಾಧ್ಯಕ್ಷರಾದರು.

ಯಾರ ನುಡಿ, ಯಾರದೂ ಅಲ್ಲದ ನುಡಿ

ಈಗ ಕಹಿಯಾದದ್ದನ್ನೂ ಹೇಳಬೇಕು. ಕಾತೆ ಎಂಬುದು ಒಂದೇ ಅಚ್ಚಿನ ಭಾಷೆಯಾಗಿರಲಿಲ್ಲ. ವೆಮೊ, ವೆನಾ, ವಾನಾ, ಮಾಗೊಬಿನೆಂಗ್ ಮುಂತಾದ ಒಳನುಡಿಗಳು ಅದರಲ್ಲಿದ್ದವು. ಸಾಟೆಲ್‌ಬೆರ್ಗಿನ ಸುತ್ತಲಿನ ವೆಮೊ ಪುಸ್ತಕಕ್ಕೆ ಏರಿತು. ಪುಸ್ತಕಕ್ಕೆ ಏರಿದ್ದು ಶಾಲೆಗೆ ಬಂತು. ಶಾಲೆಯಲ್ಲಿದ್ದದ್ದು ಮನೆಗೂ ಬಂತು. 1970ರ ದಶಕದ ವೇಳೆಗೆ ವೆಮೊ ಉಳಿದ ಒಳನುಡಿಗಳ ಜಾಗವನ್ನು ಆಕ್ರಮಿಸುತ್ತಿತ್ತು. ಹುಬೆಯಂಥ ನೆರೆಯ ಜನರಿಗೆ ತಮ್ಮದೇ ಭಾಷೆಯಿತ್ತು, ಇಂದಿಗೂ ಇದೆ. ಆದರೆ ಅವರಲ್ಲಿ ಒಂದು ತಲೆಮಾರು ದೇವರೊಡನೆ ಮಾತನಾಡಲು ಕಾತೆಯೇ ತಕ್ಕ ಭಾಷೆಯೆಂದು ನಂಬಿ ಬೆಳೆಯಿತು. ಕೈಸರ್ ಜರ್ಮನ್ ಭಾಷೆಯನ್ನು ಹೇರಲಿಲ್ಲವೆಂದು ನಾವು ಮೆಚ್ಚುತ್ತೇವೆ. ಹುಬೆಯ ಅಜ್ಜಿಗೆ ಕಾತೆಯೂ ಪಾಠ ಕಲಿತೇ ಆಡಬೇಕಾದ ನುಡಿಯಾಗಿತ್ತು ಎಂಬುದನ್ನು ಆ ಮೆಚ್ಚುಗೆಯಲ್ಲಿ ಮರೆಯುತ್ತೇವೆ.

ನಮ್ಮ ಕಥೋಲಿಕ ಮಿಷನ್ನಿನ ದಾರಿ ಬೇರೆಯಾಗಿತ್ತು. 1896ರಲ್ಲಿ ಎಬೆರ್ಹಾರ್ಡ್ ಲಿಂಬ್ರೊಕ್ ನೇತೃತ್ವದಲ್ಲಿ ತುಮ್ಲೆಓ ದ್ವೀಪಕ್ಕೆ ಬಂದ ಎಸ್.ವಿ.ಡಿ. ಗುರುಗಳು ಮೊದಮೊದಲು ಸ್ಥಳೀಯ ಭಾಷೆಗಳನ್ನು ಬಳಸಿನೋಡಿ, ಕಡೆಗೆ ಟೋಕ್ ಪಿಸಿನ್ ಎಂಬ ಮಿಶ್ರಭಾಷೆಯತ್ತ ಹೊರಳಿದರು. ಪೆಸಿಫಿಕ್ ತೋಟಗಳ ಕೂಲಿಯಾಳುಗಳ ನಡುವೆ ಹುಟ್ಟಿದ ಆ ನುಡಿಯ ಪದಗಳು ಬಹುಪಾಲು ಇಂಗ್ಲಿಷಿನವು, ನಡಿಗೆ ದ್ವೀಪಗಳದು. ಅದೇ ಸಂಸ್ಥೆಯ ಗುರು ಫ್ರಾನ್ಸಿಸ್ ಮಿಹಾಲಿಕ್ 1957ರಲ್ಲಿ ಅದರ ನಿಘಂಟನ್ನು ಹೊರತಂದರು. 1970ರಲ್ಲಿ 'ವಾಂಟೋಕ್' ಪತ್ರಿಕೆಯನ್ನು ಆರಂಭಿಸಿದರು. ಲೂಥರನ್ನರಲ್ಲಿ ಅನೇಕರು ಟೋಕ್ ಪಿಸಿನನ್ನು ಒಡೆಯ ಕೂಲಿಗೆ ಗದರುವ ಭಾಷೆಯೆಂದು ಕಡೆಗಣಿಸಿದ್ದರು. ಆ ತಿರಸ್ಕಾರಕ್ಕೂ ಕಾರಣವಿಲ್ಲದಿರಲಿಲ್ಲ. ಆದರೆ ಯಾವ ಬೆಟ್ಟದ್ದೂ ಅಲ್ಲದ ಭಾಷೆಯಲ್ಲಿ ಯಾವ ಬೆಟ್ಟದವನಿಗೂ ಮೇಲುಗೈಯಿಲ್ಲ. ಎತ್ತರದ ನಾಡಿನ ಯುವಕನು ಕಾತೆಯಲ್ಲಿ ಪ್ರಸಂಗ ಮಾಡುವಾಗ ಸದಾ ಶಿಷ್ಯನೇ. ಟೋಕ್ ಪಿಸಿನ್‌ನಲ್ಲಿ ಆತ ಯಾರಿಗೂ ಸಾಟಿ.

ಯುದ್ಧದ ಬಳಿಕ ಆಸ್ಟ್ರೇಲಿಯದ ಆಡಳಿತ ಶಾಲೆಗಳಲ್ಲಿ ಇಂಗ್ಲಿಷಿಗೆ ಪ್ರಾಶಸ್ತ್ಯ ಕೊಟ್ಟಿತು. ಪಟ್ಟಣಗಳಲ್ಲಿ, ರಸ್ತೆಗಳಲ್ಲಿ, ಸಂತೆಗಳಲ್ಲಿ ಟೋಕ್ ಪಿಸಿನ್ ಗೆದ್ದಿತು. ಅದರ ಹೊಸ ಒಡಂಬಡಿಕೆ 1969ರಲ್ಲಿಯೂ ಪೂರ್ಣ ಬೈಬಲ್ 1989ರಲ್ಲಿಯೂ ಹೊರಬಂದವು. ವಿಲ್ಹೆಲ್ಮ್ ಫ್ಲಿಯೆರ್ಲ್ ಮತ್ತು ಹೆರ್ಮಾನ್ ಸ್ಟ್ರೌಸ್ ಸಂಪಾದಿಸಿದ ದೊಡ್ಡ ಕಾತೆ ನಿಘಂಟು 1977ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಆ ಭಾಷೆಯ ಶಾಲೆಗಳ ಕಾಲ ಮುಗಿಯುತ್ತ ಬಂದಿತ್ತು. ನೆರೆಯ ನುಡಿಗಳಿಗೆ ಕಾತೆ ಮಾಡಿದ್ದನ್ನು ಕಾತೆಗೆ ಟೋಕ್ ಪಿಸಿನ್ ಮಾಡಿತು ಎನ್ನುವುದು ಪೂರ್ತಿ ಸರಿಯಲ್ಲ. ಕಾತೆ ಇಂದಿಗೂ ತನ್ನ ಊರುಗಳಲ್ಲಿ ಜೀವಂತವಾಗಿದೆ. ಆದರೆ ಅದು ಮತ್ತೆ ತನ್ನ ಬೆಟ್ಟಕ್ಕೆ ಹಿಂದಿರುಗಿದೆ.

ಈ ಎರಡರಲ್ಲಿ ಯಾವುದು ಸರಿ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಕಾತೆಯನ್ನು ಆಯ್ದದ್ದರಿಂದ ದೈವಶಾಸ್ತ್ರಕ್ಕೆ ಆಳ ದೊರೆಯಿತು. ಮಾಟ, ಸೇಡು, ಸತ್ತವರ ಆತ್ಮಗಳ ಬಗ್ಗೆ ಜನರು ತಮ್ಮ ಮನಸ್ಸಿನ ತಳದಿಂದ ವಾದಿಸಿದರು. ಟೋಕ್ ಪಿಸಿನನ್ನು ಆಯ್ದದ್ದರಿಂದ ಸಮಾನತೆ ದೊರೆಯಿತು, ಜೊತೆಗೆ ವೇಗವೂ. ಕೂಲಿಯ ಮಾತು ಕಾಲಕ್ರಮದಲ್ಲಿ ಸಾವಿರಾರು ಮಕ್ಕಳ ತಾಯ್ನುಡಿಯೂ ಆಯಿತೆಂಬುದನ್ನು ನೋಡಿದರೆ ನಮ್ಮವರ ಆಯ್ಕೆಯನ್ನು ಹಗುರವಾಗಿ ಕಾಣಲಾಗದು. ಆದರೂ ಮಾಟದ ಸಾಮಗ್ರಿಯನ್ನು ಊರ ನಡುವೆ ತಂದಿಡುವಂಥ ಕ್ಷಣಕ್ಕೆ ಬೇಕಾಗುವುದು ಅಜ್ಜಿಯ ನುಡಿ. ಅಲ್ಲಿ ನಾವು ಕೈಸರರ ಪಕ್ಷ. ಕಾತೆಯವರ ನಡುವೆ ನಿಂತ ಕೈಸರರ ಪಕ್ಷ ಎಂದು ಸೇರಿಸಬೇಕು, ಹುಬೆಯವರಿಗೆ ಕಾತೆ ಕಲಿಸಿದ ಮಿಷನ್ನಿನ ಪಕ್ಷವಲ್ಲ.

ಇದೇ ತೊಡಕು ನಮ್ಮ ನಾಡಿನಲ್ಲೂ ಇತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡವನ್ನೂ ತುಳುವನ್ನೂ ಜೊತೆಯಾಗಿ ಎದುರಿಸಬೇಕಾಯಿತು. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಬಂದದ್ದನ್ನು ಎಲ್ಲರೂ ನೆನೆಯುತ್ತಾರೆ. ಮೆನ್ನರ್ 1886ರಲ್ಲಿ ತುಳು ನಿಘಂಟನ್ನು ತಂದದ್ದನ್ನು ನೆನೆಯುವವರು ಕಡಿಮೆ. ಸಹಸ್ರ ವರ್ಷದ ಸಾಹಿತ್ಯವಿದ್ದ ಕನ್ನಡಕ್ಕೂ ಲಿಪಿಯೇ ಇರದ ಕಾತೆಗೂ ಹೋಲಿಕೆ ಸಲ್ಲದು, ನಿಜ. ಆದರೆ ಒಂದೇ ಕುಟುಂಬದ ಎರಡು ಭಾಷೆಗಳಲ್ಲಿ ಒಂದು ಶಾಲೆಯದೂ ಇನ್ನೊಂದು ಅಂಗಳದ್ದೂ ಆದಾಗ ಪ್ರಾರ್ಥನೆ ಯಾವ ಕಡೆ ಹೋಗುತ್ತದೆಂಬ ಪ್ರಶ್ನೆ ಎರಡೂ ಕಡೆ ಒಂದೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಬಗ್ಗೆ ಹೊರಡಿಸಿದ ಶಾಸನ ಲತೀನಿನ ಬಾಗಿಲನ್ನು ಜನಭಾಷೆಗಳಿಗೆ ತೆರೆಯಿತು. ಯಾವ ಜನರ ಭಾಷೆ ಎಂಬ ಜಗಳವನ್ನು ಅದು ನಮ್ಮ ಧರ್ಮಕೇಂದ್ರಗಳಿಗೇ ಬಿಟ್ಟಿತು. ಆ ಜಗಳ ನಮ್ಮಲ್ಲಿ ಎಷ್ಟು ಕಹಿಯಾಗಿ ನಡೆದಿದೆಯೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ.

ತುಳು ಮನೆಮಾತಿನ ಆ ವಿದ್ಯಾರ್ಥಿ ಈಗ ಗುರುವಾಗಿದ್ದಾನೆ. ಅವನ ಪ್ರಶ್ನೆಯ ಬಳಿಕ ಪಾಲನಾಸೇವೆಯ ತರಬೇತಿಗೆ ಹೋಗುವ ಪ್ರತಿಯೊಬ್ಬರೂ ತಾವು ಹೋದ ಧರ್ಮಕೇಂದ್ರದ ಮನೆಗಳಲ್ಲಿ, ಗುಡಿಯಲ್ಲಲ್ಲ, ಮನೆಗಳಲ್ಲಿ, ಆಡುವ ನುಡಿಗಳನ್ನು ಕೇಳಿ ಬರೆದುಕೊಂಡು ಬರಬೇಕೆಂದು ನಾವು ಗೊತ್ತುಮಾಡಿದ್ದೇವೆ. ಕಳೆದ ಬಾರಿ ಬಂದ ಪಟ್ಟಿಯಲ್ಲಿ ಕನ್ನಡ, ಕೊಂಕಣಿ, ತಮಿಳು, ತೆಲುಗು, ತುಳು, ಲಂಬಾಣಿ, ಉರ್ದು ಇದ್ದವು. ಇನ್ನೊಂದು ನುಡಿಯ ಹೆಸರಿನ ಮುಂದೆ ವಿದ್ಯಾರ್ಥಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಆ ಮನೆಯ ಹಿರಿಯರಿಗೆ ತಮ್ಮ ನುಡಿಗೆ ಒಂದು ಹೆಸರಿರಬೇಕೆಂದೇ ಅನ್ನಿಸಿರಲಿಲ್ಲವಂತೆ. ಗುಡಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.